ಮಾಳಿಗೆಗೆ ಎಸೆದ ಹಾಲುಹಲ್ಲು

ಮಗುವಿಗೆ ಆರು ತುಂಬಿ ಏಳು ಹತ್ತುವ ಹೊತ್ತಿಗೆ ಮುಂದಿನ ಹಾಲುಹಲ್ಲು ಅಲುಗಾಡತೊಡಗುತ್ತದೆ. ಬಿದ್ದ ದಿನ ಮನೆಯಲ್ಲೊಂದು ಪುಟ್ಟ ಸಂಭ್ರಮ. ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಮಾಳಿಗೆ ಮೇಲೆ ಎಸೆದರೆ ಹೊಸ ಹಲ್ಲು ಚಂದ ಹುಟ್ಟುತ್ತದೆ ಎಂಬುದು ಉತ್ತರ ಕರ್ನಾಟಕದ ಅಜ್ಜಿಯರ ಭರವಸೆ. ಎರಡು ಮೂರು ತಿಂಗಳಿಗೆ ಹೊಸ ಹಲ್ಲು ಇಣುಕುತ್ತದೆ. ಕೆಲವರ ಹಲ್ಲಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆದಂಥ ಬಿಳಿ ಪಟ್ಟೆ, ಕೆಲವರದರಲ್ಲಿ ಹಳದಿ, ಇನ್ನು ಕೆಲವರದರಲ್ಲಿ ಕಂದು. ಕನ್ನಡಿ ಮುಂದೆ ನಿಂತ ಮಗು ಕೇಳುತ್ತದೆ: "ನಾ ದಿನಾ ಹಲ್ಲು ತಿಕ್ತೀನಲ್ಲ, ಹಿಂಗ್ಯಾಕಾತು?"

ಗದಗ ಜಿಲ್ಲೆಯಲ್ಲಿ ಶುದ್ಧ ನೀರಿನ ಮಾತು ಮಕ್ಕಳೊಂದಿಗೆ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ.

ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯ ಸೀಮೆಗೆ ಒಂದು ಕಡೆ ಕಪ್ಪತಗುಡ್ಡದ ಸಾಲು, ದಕ್ಷಿಣಕ್ಕೆ ತುಂಗಭದ್ರೆ. ಹೊಳೆ ದೂರವೇನಿಲ್ಲ, ಇದೇ ತಾಲ್ಲೂಕಿನ ಒಂದು ಊರಿನ ಹೆಸರಿನಲ್ಲೇ ಹೊಳೆ ಇದೆ, ಹೊಳೆಇಟಗಿ. ಆದರೂ ಈ ಭಾಗದ ಬಹಳಷ್ಟು ಊರುಗಳು ದಶಕಗಳ ಕಾಲ ನೆಚ್ಚಿಕೊಂಡದ್ದು ಕೊಳವೆಬಾವಿಯನ್ನು. ವರ್ಷದ ಮಳೆ ಸುಮಾರು 600 ಮಿ.ಮೀ. ನೆಲದಡಿಗೆ ಇಳಿದ ಅಷ್ಟಿಷ್ಟು ನೀರು ಗಟ್ಟಿ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಆ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಅವನ್ನು ಚೂರುಚೂರೇ ಕರಗಿಸಿಕೊಳ್ಳುತ್ತದೆ. ಬೋರು ಆಳಕ್ಕೆ ಹೋದಂತೆಲ್ಲ ಬಂಡೆಯೊಂದಿಗೆ ಹೆಚ್ಚು ಕಾಲ ಕಳೆದ ನೀರು ಸಿಗುತ್ತದೆ. ಫ್ಲೋರೈಡೂ ಸಾಮಾನ್ಯವಾಗಿ ಏರುತ್ತದೆ. ಮುಂಡರಗಿ, ಶಿರಹಟ್ಟಿ ಸೇರಿ ಜಿಲ್ಲೆಯ ಹಲವು ಕಡೆಗಳ ಅಂತರ್ಜಲದಲ್ಲಿ ಅದು ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಚಿಂತೆಯಿಲ್ಲ. ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದರಾಚೆ ಸಲ್ಲದು.

ತೊಡಕು ಇರುವುದು ಇಲ್ಲೇ. ಈ ನೀರು ನೋಡಲು ಕನ್ನಡಿಯಂತಿರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಫ್ಲೋರೈಡಿನ ರುಚಿಯೂ ನಾಲಗೆಗೆ ಹತ್ತುವುದಿಲ್ಲ. ಸವಳು ನೀರಾದರೆ ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ, ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಫ್ಲೋರೈಡಿಗೆ ಅಂಥ ಚಾಡಿಕೋರರು ಯಾರೂ ಇಲ್ಲ. 'ಕೊಳಕು ನೀರು ಕುಡೀಬ್ಯಾಡ' ಎಂದು ಮಗುವಿಗೆ ಹೇಳಿದರೆ ಅದು ಕೆಸರು ನೀರನ್ನಷ್ಟೇ ನೆನೆಯುತ್ತದೆ. ತಿಳಿ ಇದ್ದದ್ದೆಲ್ಲ ಶುದ್ಧವಲ್ಲ ಎಂಬ ಮಾತು ದೊಡ್ಡವರ ತಲೆಗೇ ಬೇಗ ಹತ್ತುವುದಿಲ್ಲ.

ಒಂದೇ ಮನೆಯ ಮೂರು ತಲೆಮಾರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ 'ಕೊಳಕು' ಎಂಬ ಪದವೇ ಮೂರು ಸಲ ಅರ್ಥ ಬದಲಿಸಿದ್ದು ಕಾಣುತ್ತದೆ. ಅಜ್ಜಿಯ ಕಾಲದ ಭಯ ನಾರುಹುಣ್ಣು. ಮೆಟ್ಟಿಲಿಳಿದು ಕಾಲಿಟ್ಟು ನೀರು ತುಂಬುವ ಬಾವಿ, ಕೆರೆಗಳಲ್ಲಿ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಯ ಹೊಟ್ಟೆಯಲ್ಲಿ ಆ ಹುಳದ ಮರಿ ಇರುತ್ತಿತ್ತು. ನೀರಿನ ಜತೆ ಒಳಹೊಕ್ಕ ಮರಿ ವರ್ಷದ ಮೇಲೆ ದಾರದಂಥ ಹುಳವಾಗಿ ಕಾಲಿನಿಂದ ಹೊರಬರುತ್ತಿತ್ತು. ಭಾರತದಲ್ಲಿ ಇದು ನೆಲೆಯೂರಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದಕ್ಕೆ ಮದ್ದು ಕೊಡದ ಬಾಯಿಗೆ ಕಟ್ಟಿದ ಬಟ್ಟೆ. ಸೋಸಿದರೆ ಸೈಕ್ಲಾಪ್ಸ್ ಬಟ್ಟೆಯಲ್ಲೇ ಉಳಿಯುತ್ತದೆ. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣುಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಅವ್ವನ ಕಾಲಕ್ಕೆ ಭಯ ಕಣ್ಣಿಗೆ ಕಾಣದ ರೋಗಾಣುಗಳದ್ದಾಯಿತು: ವಾಂತಿಭೇದಿ, ಟೈಫಾಯಿಡ್, ಕಾಮಾಲೆ. ಮದ್ದು ಒಲೆ. ಕುದಿಸಿ ಆರಿಸಿ ಕುಡಿಯಿರಿ ಎಂದು ಆಸ್ಪತ್ರೆಯ ಗೋಡೆಗಳೆಲ್ಲ ಹೇಳಿದವು. ಆ ಭಯ ಇವತ್ತಿಗೂ ಹಳೆಯದಾಗಿಲ್ಲ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ರಾಜ್ಯಕ್ಕೆಲ್ಲ ಗೊತ್ತು.

ಈಗಿನ ಮಗುವಿನ ಪಾಲಿಗೆ ಬಂದದ್ದು ಮೂರನೆಯದು. ಇದನ್ನು ಬಟ್ಟೆ ಹಿಡಿಯುವುದಿಲ್ಲ, ಒಲೆ ಸುಡುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿದ ನೀರಲ್ಲೇ ಇದ್ದು ಇನ್ನಷ್ಟು ದಟ್ಟವಾಗುತ್ತದೆ. ಬಾವಿ, ಕೆರೆಗಳ ರೋಗದಿಂದ ಪಾರು ಮಾಡಲೆಂದೂ ಎಪ್ಪತ್ತರ ದಶಕದ ಬರಗಾಲದ ನಂತರ ಹಳ್ಳಿಹಳ್ಳಿಗೆ ಕೈಪಂಪು ಬಂದದ್ದು. ಅದು ಹುಳವನ್ನು ಸೋಲಿಸಿತು. ಬಂಡೆಯ ಫ್ಲೋರೈಡನ್ನು ಮೇಲಕ್ಕೆತ್ತಿತು.

ಜಗತ್ತು ಫ್ಲೋರೈಡಿನ ಈ ಕಾಟವನ್ನು ಗುರುತಿಸಿದ್ದೂ ಹಲ್ಲಿನಿಂದಲೇ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿ ಹುಟ್ಟಿ ಬೆಳೆದ ಬಹಳಷ್ಟು ಜನರ ಹಲ್ಲು ಕಂದಾಗಿರುವುದನ್ನು ಕಂಡು ಬೆರಗಾದ. ಕಾರಣ ನೀರಿನಲ್ಲಿರುವ ಫ್ಲೋರೈಡ್ ಎಂದು ಖಚಿತವಾಗಲು 1931ರವರೆಗೆ ಕಾಯಬೇಕಾಯಿತು. ಭಾರತದಲ್ಲಿ ಇದು ಮೊದಲು ದಾಖಲಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಹಲ್ಲೇ ಯಾಕೆ? ಶಾಶ್ವತ ಹಲ್ಲಿನ ಎನಾಮೆಲ್ ತಯಾರಾಗುವುದು ಅದು ವಸಡಿನೊಳಗೆ ಅಡಗಿರುವಾಗ. ಎದುರಿನ ಹಲ್ಲುಗಳಿಗೆ ಅತಿ ಸೂಕ್ಷ್ಮ ಕಾಲ ಮಗುವಿನ ಒಂದರಿಂದ ಮೂರನೆಯ ವರ್ಷ. ಆಗ ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಎನಾಮೆಲ್ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ. ಏಳನೆಯ ವರ್ಷ ಕನ್ನಡಿಯಲ್ಲಿ ಕಂಡ ಪಟ್ಟೆ ಎರಡನೆಯ ವರ್ಷ ಕುಡಿದ ನೀರಿನ ಬರಹ. ಎಂಟು ವರ್ಷ ದಾಟಿದ ಮೇಲೆ ಹಲ್ಲಿಗೆ ಹೊಸ ಕಲೆ ಬೀಳುವ ಅಪಾಯ ಬಹುತೇಕ ಮುಗಿಯುತ್ತದೆ. ಆದರೆ ಅಂಥ ನೀರನ್ನೇ ವರ್ಷಾನುಗಟ್ಟಲೆ ಕುಡಿದರೆ ಎಲುಬು, ಕೀಲುಗಳ ಸರದಿ ಬರುತ್ತದೆ. ತಾಯಿ ಹಾಲಿನಲ್ಲಿ ಫ್ಲೋರೈಡ್ ತೀರಾ ಕಡಿಮೆ. ಅಪಾಯ ಶುರುವಾಗುವುದು ಮೇಲಿನ ಹಾಲಿಗೆ, ಗಂಜಿಗೆ ಬೋರಿನ ನೀರು ಬೆರೆತಾಗ.

ಇಷ್ಟು ತಿಳಿದರೆ ಕನ್ನಡಿ ಮುಂದಿನ ಮಗುವಿಗೆ ಕೊಡಬೇಕಾದ ಮೊದಲ ಉತ್ತರ ತಾನಾಗಿ ಹೊಳೆಯುತ್ತದೆ: "ಇದು ನಿನ್ನ ತಪ್ಪಲ್ಲ. ನೀ ಹಲ್ಲು ಛಲೋನೇ ತಿಕ್ಕೀದಿ. ನೀ ಸಣ್ಣಾಕಿದ್ದಾಗ ಕುಡಿದ ನೀರಾಗ ಕಣ್ಣಿಗೆ ಕಾಣದ್ದೊಂದು ಇತ್ತು." ಈ ಮೂರು ವಾಕ್ಯ ಹೇಳದೆ ಬೇರೇನು ಹೇಳಿದರೂ ಮಗುವಿನ ಕಿವಿ ಕೇಳುವುದಿಲ್ಲ. ಕಲೆಯನ್ನು ಕೊಳೆಯೆಂದು ತಿಳಿದು ಇಟ್ಟಿಗೆ ಪುಡಿಯಿಂದಲೋ ಬೂದಿಯಿಂದಲೋ ಗಸಗಸ ಉಜ್ಜಿದರೆ ಹೋಗುವುದು ಕಲೆಯಲ್ಲ, ಉಳಿದಿರುವ ಎನಾಮೆಲ್.

ಎರಡನೆಯ ಪ್ರಶ್ನೆ ಕೂಡಲೇ ಬರುತ್ತದೆ. ಕಾಣದ್ದು ಇದೆ ಅಂತ ಹೇಗೆ ನಂಬುವುದು?

ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಜೀವಮಾನವಿಡೀ ಗಮನಿಸಿದ ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಮತ್ತು ಅವರ ಸಹೋದ್ಯೋಗಿ ಬಾರ್ಬೆಲ್ ಇನ್‌ಹೆಲ್ಡರ್ ಈ ಒಗಟನ್ನು ಸಕ್ಕರೆಯಿಂದ ಕೆದಕಿದ್ದರು. ಲೋಟದ ನೀರಿಗೆ ಸಕ್ಕರೆ ಹಾಕಿ ಕರಗಿದ ಮೇಲೆ ಎಲ್ಲಿ ಹೋಯಿತೆಂದು ಕೇಳಿದರೆ ತೀರ ಸಣ್ಣವರು ಇಲ್ಲವಾಯಿತು ಎನ್ನುತ್ತಿದ್ದರು. ಸ್ವಲ್ಪ ದೊಡ್ಡವರು, ಕಾಣದಷ್ಟು ಸಣ್ಣ ಚೂರಾಗಿ ನೀರಲ್ಲೇ ಇದೆ ಎನ್ನುತ್ತಿದ್ದರು. ನಮ್ಮಲ್ಲಿ ಈ ಪಾಠ ಇನ್ನೂ ಹಳೆಯದು. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ರಾತ್ರಿ ನೀರಿಗೆ ಉಪ್ಪು ಹಾಕಿಸಿ, ಬೆಳಿಗ್ಗೆ ಆ ಉಪ್ಪನ್ನು ತೆಗೆದುಕೊಡು ಎನ್ನುತ್ತಾನೆ. ಹುಡುಗ ಹುಡುಕಿ ಸೋಲುತ್ತಾನೆ. ಮೇಲಿಂದ, ನಡುವಿನಿಂದ, ತಳದಿಂದ ಒಂದೊಂದು ಗುಟುಕು ಕುಡಿಸಿದಾಗ ಎಲ್ಲ ಕಡೆಯೂ ಉಪ್ಪು. ಉದ್ದಾಲಕ ತೋರಿಸಹೊರಟದ್ದು ಆತ್ಮದ ಇರವನ್ನು. ಬೆಳ್ಳಟ್ಟಿಯ ಅಂಗನವಾಡಿಯಲ್ಲಿ ಅದೇ ಲೋಟ ಫ್ಲೋರೈಡಿನ ಇರವನ್ನು ತೋರಿಸಬಲ್ಲದು. ಒಂದು ಹೆಜ್ಜೆ ಹೆಚ್ಚಿಗೆ ಹಾಕಿ, ಆ ಉಪ್ಪುನೀರನ್ನು ಬಟ್ಟೆಯಲ್ಲಿ ಸೋಸಿ ರುಚಿ ನೋಡಲಿ, ಉಪ್ಪೇ. ದೊಡ್ಡವರು ಕುದಿಸಿ ಆರಿಸಿ ಕೊಡಲಿ, ಇನ್ನೂ ಉಪ್ಪು. ಅಜ್ಜಿಯ ಬಟ್ಟೆಯೂ ಅವ್ವನ ಒಲೆಯೂ ಸೋತ ಕಡೆ ಮಗುವೇ ಕೇಳುತ್ತದೆ: "ಹಂಗಾದ್ರ ಏನ್ ಮಾಡೂದು?"

ಉಪ್ಪಿಗೆ ನಾಲಗೆ ಸಾಕ್ಷಿ. ಫ್ಲೋರೈಡಿಗೆ ಸಾಕ್ಷಿ ಬೇಕಾದರೆ ಪಂಚಾಯಿತಿಯಲ್ಲಿರಬೇಕಾದ ಪರೀಕ್ಷಾ ಕಿಟ್ ಇದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, ನಮ್ಮ ರಾಜ್ಯದಲ್ಲಿ 'ಮನೆಮನೆಗೆ ಗಂಗೆ', ನಳ ಜೋಡಿಸುವುದರ ಜತೆಗೆ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕೆಂದೂ ಹೇಳುತ್ತದೆ. ಸಣ್ಣ ಕೊಳವೆಯಲ್ಲಿ ಊರಿನ ನೀರು, ಅದಕ್ಕೆ ಕೆಲವು ಹನಿ ರಾಸಾಯನಿಕ. ಗುಲಾಬಿ ಬಣ್ಣ ಹಳದಿಯತ್ತ ಹೊರಳಿದಷ್ಟೂ ಫ್ಲೋರೈಡ್ ಹೆಚ್ಚು. ಪಕ್ಕದಲ್ಲಿ ಇನ್ನೊಂದು ಸೀಸೆ: ಅದರಲ್ಲಿ ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದ ಪಕ್ಷದಲ್ಲಿ ತಿಳಿನೀರು ಕಾಡಿಗೆಯಂತೆ ಕಪ್ಪಾಗುತ್ತದೆ. ನಿನ್ನೆ ಕಂಡ ತಿಳಿನೀರು ಇವತ್ತು ಕಪ್ಪಾದದ್ದನ್ನು ಕಂಡ ಮಗುವಿಗೆ ಕೈ ತೊಳೆಯಲು ಬೇರೆ ಭಾಷಣ ಬೇಕಿಲ್ಲ. ಈ ಪರೀಕ್ಷೆಯನ್ನು ಕಚೇರಿಯ ಮೂಲೆಯಲ್ಲಿ ಮಾಡುವ ಬದಲು ಶಾಲೆಯ ಜಗಲಿಯಲ್ಲಿ ಮಾಡಲು ಹೆಚ್ಚಿನ ಖರ್ಚೇನೂ ಇಲ್ಲ.

ಜಗತ್ತಿನಾದ್ಯಂತ ಮಕ್ಕಳಿಗಾಗಿ ತಯಾರಾದ ನೀರಿನ ಕತೆಗಳು ಹೆಚ್ಚಾಗಿ ರೋಗಾಣುವಿನ ಕತೆಗಳೇ. 'ಸೆಸಮಿ ಸ್ಟ್ರೀಟ್' ತಯಾರಕರು 2013ರಲ್ಲಿ ಭಾರತ, ಬಾಂಗ್ಲಾದೇಶ, ನೈಜೀರಿಯಾಗಳಿಗೆಂದು ರಾಯಾ ಎಂಬ ಆರು ವರ್ಷದ ಬೊಂಬೆ ಹುಡುಗಿಯನ್ನು ತಂದರು. ಚಪ್ಪಲಿ ಹಾಕಿಕೊಂಡು ಶೌಚಾಲಯಕ್ಕೆ ಹೋಗು, ಸೋಪಿನಿಂದ ಕೈ ತೊಳೆ ಎಂದು ಅವಳು ಕಲಿಸುತ್ತಾಳೆ. ಪಾಠ ಒಳ್ಳೆಯದೇ. ಆದರೆ ಎಷ್ಟು ಕೈ ತೊಳೆದರೂ ಬಂಡೆಯ ಫ್ಲೋರೈಡ್ ಹೋಗದ ಸೀಮೆಗೆ ಕತೆಯ ಇನ್ನರ್ಧವನ್ನು ಇಲ್ಲಿಯವರೇ ಹೇಳಿಕೊಳ್ಳಬೇಕು.

ಆ ಇನ್ನರ್ಧದ ಮುಖ್ಯ ಪಾತ್ರಧಾರಿ ಊರ ಬಾಗಿಲಲ್ಲೇ ನಿಂತಿದೆ: ಶುದ್ಧ ಕುಡಿಯುವ ನೀರಿನ ಘಟಕ. ಜನರ ಬಾಯಲ್ಲಿ ಅದು 'ಫಿಲ್ಟರ್'. ಗದಗಿನವರೇ ಆದ ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಇಂಥ ಸಾವಿರಾರು ಘಟಕಗಳು ರಾಜ್ಯದ ಹಳ್ಳಿಗಳಿಗೆ ಬಂದವು. ಮಕ್ಕಳಿಗೆ ಅದು ಆಟದ ಜಾಗವೂ ಹೌದು. ಸೈಕಲ್ಲಿನ ಹಿಂದೆ 20 ಲೀಟರಿನ ಕ್ಯಾನು, ಮುಷ್ಟಿಯಲ್ಲಿ ಬಿಸಿಯಾದ ನಾಣ್ಯ. ನಾಣ್ಯ ತೂತಿಗೆ ಬಿದ್ದು ಟಕ್ ಎಂದರೆ ನಳಿಕೆಯಿಂದ ನೀರು ಧುಮುಕುತ್ತದೆ, ಸದ್ದು ಬದಲಾದಾಗ ಕ್ಯಾನು ತುಂಬಿತೆಂದು ಲೆಕ್ಕ. ಶುರುವಿನಲ್ಲಿ ಕ್ಯಾನಿಗೆ ಎರಡು ರೂಪಾಯಿ ಇದ್ದದ್ದು ಹಲವೆಡೆ ಐದಾಗಿದೆ.

ಒಳಗೆ ನಡೆಯುವುದನ್ನು ಮಗುವಿಗೆ ಹೀಗೆ ಹೇಳಬಹುದು: ಬಟ್ಟೆಯ ತೂತು ದೊಡ್ಡದು, ಹುಳ ಮಾತ್ರ ಸಿಕ್ಕಿಬೀಳುತ್ತದೆ. ಈ ಯಂತ್ರದಲ್ಲಿ ಎಷ್ಟು ಸಣ್ಣ ತೂತಿನ ಬಟ್ಟೆ ಇದೆಯೆಂದರೆ ಕರಗಿದ ಉಪ್ಪೂ ದಾಟಲಾರದು. ಅಷ್ಟು ಸಣ್ಣ ತೂತಿನಿಂದ ನೀರು ತಾನಾಗಿ ಇಳಿಯದು, ಮೋಟಾರು ಒತ್ತಡ ಹಾಕಿ ನೂಕಬೇಕು. ನೂಕಿದ ನೀರೆಲ್ಲ ಈಚೆ ಬರುವುದಿಲ್ಲ. ದೊಡ್ಡ ಪಾಲು ಉಪ್ಪನ್ನು ಹೊತ್ತು ಹಿಂಬದಿಯ ಪೈಪಿನಿಂದ ಹೊರಹೋಗುತ್ತದೆ. ಕರೆಂಟು ಇಲ್ಲದ ದಿನ, ಆ ಸಣ್ಣ ತೂತಿನ ಪೊರೆ ಕೆಟ್ಟು ರಿಪೇರಿಯವರು ಬಾರದ ತಿಂಗಳು ಫಿಲ್ಟರ್ ಬರೀ ತಗಡಿನ ಕೋಣೆ. ಇನ್ನೊಂದು ಮಾತನ್ನು ಮಕ್ಕಳಿಗಿಂತ ದೊಡ್ಡವರೇ ಕೇಳಿಸಿಕೊಳ್ಳಬೇಕು. ಈ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಪಾಚಿಗಟ್ಟಿದ ಕ್ಯಾನಿಗೆ ತುಂಬಿದರೆ, ಕೈ ಅದ್ದಿ ಲೋಟ ಮುಳುಗಿಸಿದರೆ, ಫ್ಲೋರೈಡ್ ಹೋದ ನೀರಿಗೆ ರೋಗಾಣುಗಳು ಬಂದು ಕೂರುತ್ತವೆ.

ಅಡುಗೆಯ ನೀರಿನ ಲೆಕ್ಕವನ್ನೂ ಜನ ಮರೆಯುತ್ತಾರೆ. ಕುಡಿಯಲು ಫಿಲ್ಟರ್ ನೀರು, ಅನ್ನ ಬೇಳೆಗೆ ಬೋರಿನ ನೀರು ಎಂಬುದು ಅನೇಕ ಮನೆಗಳ ರೂಢಿ. ಆದರೆ ಅನ್ನ ನೀರನ್ನು ಹೀರಿಯೇ ಅರಳುವುದು. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರಿನ ನೀರು ಆದೀತು. ಹೊಟ್ಟೆಗೆ ಹೋಗುವುದೆಲ್ಲ ಒಂದೇ ಕೊಡದ್ದಾಗಬೇಕು. ಹಾಲು, ಮಜ್ಜಿಗೆ, ರಾಗಿ, ನುಗ್ಗೆಸೊಪ್ಪಿನ ಸುಣ್ಣದಂಶ ಫ್ಲೋರೈಡ್ ಮೈಗೆ ಹತ್ತದಂತೆ ಕೊಂಚ ತಡೆಯುತ್ತದೆ ಎಂಬುದೂ ನಿಜ. ಬಿಸಿಯೂಟದ ಹಾಲಿನ ಲೋಟಕ್ಕೆ ಇಲ್ಲಿ ಒಂದು ಹೆಚ್ಚಿನ ಕೆಲಸವಿದೆ.

ಇಲ್ಲಿಂದ ಮುಂದೆ ಮಕ್ಕಳ ಪ್ರಶ್ನೆ ರಸಾಯನಶಾಸ್ತ್ರ ಬಿಟ್ಟು ಓಣಿಗೆ ಇಳಿಯುತ್ತದೆ. "ಅವರ ಮನ್ಯಾಗ ಫಿಲ್ಟರ್ ಮಷಿನ್ ಐತಿ, ನಮ್ಮನ್ಯಾಗ ಯಾಕಿಲ್ಲ?" "ಹೊಳಿ ಅಷ್ಟು ಸನೇದಾಗೈತಿ, ನಮ್ಮ ನಳಕ್ಕ ಯಾಕ ದಿನಾ ಬರಂಗಿಲ್ಲ?" ದೊಡ್ಡವರು ತಡವರಿಸುವುದು ಇಲ್ಲೇ. ಕೆಲವರು ಹೆದರಿಸುತ್ತಾರೆ: ಈ ನೀರು ಕುಡಿದರೆ ಕಾಲು ಸೊಟ್ಟಾಗುತ್ತದೆ. ಕೆಲವರು ಅಪರಾಧ ಹೊರಿಸುತ್ತಾರೆ: ನೀ ನಳ ಸರಿಯಾಗಿ ಬಂದ್ ಮಾಡಂಗಿಲ್ಲ, ಅದಕ್ಕ ನೀರಿಲ್ಲ. ಮೊದಲನೆಯದರಿಂದ ಮಗು ಬಾಯಾರಿದರೂ ನೀರು ಕೇಳಲು ಅಂಜುತ್ತದೆ. ಎರಡನೆಯದು ಸುಳ್ಳು. ಆರು ವರ್ಷದವಳು ಹಲ್ಲುಜ್ಜುವಾಗ ಚೆಲ್ಲಿದ ತಂಬಿಗೆ ನೀರಿನಿಂದ ಕೊಳವೆಬಾವಿ ಬತ್ತಿಲ್ಲ.

ನಿಜವನ್ನೇ ಚಿಕ್ಕದಾಗಿ ಹೇಳಬಹುದು. ತುಂಗಭದ್ರೆ, ಮಲಪ್ರಭೆಗಳ ನೀರನ್ನು ಶುದ್ಧಗೊಳಿಸಿ ಜಿಲ್ಲೆಯ ಹಳ್ಳಿಗಳಿಗೆ ಕೊಡುವ ಬಹುಗ್ರಾಮ ಯೋಜನೆ ಇದೆ. ಜನ ಅದನ್ನು 'ಡಿಬಿಒಟಿ ನೀರು' ಎನ್ನುತ್ತಾರೆ. ಹೊಳೆಯಿಂದ ಎತ್ತಬೇಕು, ಶುದ್ಧ ಮಾಡಬೇಕು, ಹತ್ತಾರು ಕಿಲೋಮೀಟರ್ ಪೈಪಿನಲ್ಲಿ ತಳ್ಳಬೇಕು. ಬೇಸಿಗೆಯಲ್ಲಿ ಹೊಳೆಯೇ ಇಳಿಯುತ್ತದೆ, ನಡುವೆ ಪೈಪು ಒಡೆಯುತ್ತದೆ. ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡುವುದು ಜಲಜೀವನ ಮಿಷನ್ನಿನ ಗುರಿ. 55 ಲೀಟರ್ ಎಂದರೆ ಸುಮಾರು ನಾಲ್ಕು ಕೊಡ ಎಂದು ಅಂಗಳದಲ್ಲಿ ಕೊಡ ಸಾಲಿಟ್ಟು ತೋರಿಸಿದರೆ, ನಮ್ಮ ಮನೆಗೆ ಎಷ್ಟು ಬರುತ್ತದೆ ಎಂದು ಮಗುವೇ ಎಣಿಸುತ್ತದೆ.

ನೀರು ಸಿಗದಿರಲು ಯಾವಾಗಲೂ ಬಂಡೆಯೇ ಕಾರಣವಲ್ಲ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಮಾರ್ಚ್ 22ರ ವಿಶ್ವ ಜಲ ದಿನದಂದು ಶಾಲೆಗಳಲ್ಲಿ ಘೋಷಣೆ ಕೂಗಿಸುತ್ತಾರೆ. ಅದಕ್ಕೆ ಎರಡೇ ದಿನ ಮುಂಚೆ ಇನ್ನೊಂದು ಜಲ ದಿನವಿದೆ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದ ಚವದಾರ ಕೆರೆಯಲ್ಲಿ ಅಂಬೇಡ್ಕರರು ಬೊಗಸೆ ನೀರು ಕುಡಿದರು. ದನಕರು ಕುಡಿಯಬಹುದಾದ ಕೆರೆಯಲ್ಲಿ ಕೆಲವು ಮನುಷ್ಯರು ಕುಡಿಯಬಾರದೆಂದಿದ್ದರು ಎಂದರೆ ಒಂದನೇ ತರಗತಿಯ ಮಗುವಿಗೂ ಅದು ಅನ್ಯಾಯವೆಂದು ಥಟ್ಟನೆ ಹೊಳೆಯುತ್ತದೆ. ವಿವರಣೆ ಬೇಕಾಗುವುದು ದೊಡ್ಡವರಿಗೆ.

ಕಣ್ಣಿಗೆ ಕಾಣುವ ನೀರೂ ಹತ್ತಿರದಲ್ಲಿದೆ. ಶಿರಹಟ್ಟಿ ತಾಲ್ಲೂಕಿನದೇ ಆದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. 2024ರಲ್ಲಿ ಅದು ರಾಮ್ಸಾರ್ ತಾಣವಾಯಿತು. ಗದಗ ದಾಟಿದರೆ ಲಕ್ಕುಂಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮುಸುಕಿನ ಬಾವಿ. ಬೋರಿನ ಒಳಗೆ ನೀರೆಷ್ಟಿದೆ ಎಂದು ಯಾರಿಗೂ ಕಾಣದು. ಮೆಟ್ಟಿಲಬಾವಿಯಲ್ಲಿ ಹಾಗಲ್ಲ: ಮಳೆಗಾಲಕ್ಕೆ ಹತ್ತು ಮೆಟ್ಟಿಲು ಮುಳುಗಿದ್ದರೆ ಬೇಸಿಗೆಗೆ ಎಷ್ಟು ಬಯಲಾದವೆಂದು ಮಗ್ಗಿ ಕಲಿಯುವ ಮುಂಚೆಯೇ ಎಣಿಸಬಹುದು. ಅಲ್ಲೇ ನಿಂತು ನಾರುಹುಣ್ಣಿನ ಕತೆ ಹೇಳಿದರೆ, ಅಜ್ಜಿ ಕೊಡಕ್ಕೆ ಬಟ್ಟೆ ಕಟ್ಟುತ್ತಿದ್ದುದು ಯಾಕೆಂದೂ ತಿಳಿಯುತ್ತದೆ.

ಮಕ್ಕಳು ಬರೀ ಕೇಳುವವರಲ್ಲ, ಕೇಳಬೇಕಾದವರನ್ನೇ ಕೇಳಬಹುದು. ಕರ್ನಾಟಕದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅಲ್ಲಿ ಮಗುವೊಂದು ಎದ್ದು, ನಮ್ಮ ಶಾಲೆಯ ನೀರನ್ನು ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ, ಬಣ್ಣ ಗುಲಾಬಿ ಬಂತೋ ಹಳದಿಯೋ ಎಂದರೆ ಪಿಡಿಒ ಕಡತ ತೆರೆಯಲೇಬೇಕಾಗುತ್ತದೆ.

ಇನ್ನೊಂದು ಲೆಕ್ಕವನ್ನು ನಾಲ್ಕನೇ ತರಗತಿಯವರು ಕಪ್ಪುಹಲಗೆಯ ಮೇಲೆ ಮಾಡಬಹುದು. ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಶಾಲೆಯ ಚಾವಣಿ 100 ಚದರ ಮೀಟರ್, ಮಳೆ 600 ಮಿ.ಮೀ. ಅಂದರೆ 60,000 ಲೀಟರ್. ಸೋರಿದ್ದು, ಆರಿದ್ದು ಎಂದು ಐದರಲ್ಲಿ ಒಂದು ಪಾಲು ಕಳೆದರೂ 48,000 ಉಳಿಯಿತು. 50 ಮಕ್ಕಳು ದಿನಕ್ಕೆ ಒಂದೊಂದು ಲೀಟರಿನಂತೆ 220 ಶಾಲಾ ದಿನ ಕುಡಿದರೆ ಬೇಕಾಗುವುದು 11,000. ಮಳೆನೀರು ಬಂಡೆಯನ್ನು ಮುಟ್ಟಿಯೇ ಇಲ್ಲವಾದ್ದರಿಂದ ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮಣ್ಣಿನ ಮಾಳಿಗೆಯಾದರೆ ಆಗದು. ಆರ್‌ಸಿಸಿ, ಹಂಚು, ತಗಡು ಆದೀತು. ಮುಚ್ಚಿದ ತೊಟ್ಟಿ ಬೇಕು, ಮರಳು-ಇದ್ದಿಲಿನ ಸೋಸುಗುಂಡಿ ಬೇಕು, ಆಗಾಗ ಕ್ಲೋರಿನ್ ಹಾಕಬೇಕು.

ಲೆಕ್ಕ ಮುಗಿಯುತ್ತಿದ್ದಂತೆ ಹಿಂದಿನ ಸಾಲಿನಿಂದ ಬರಬಹುದಾದ ಪ್ರಶ್ನೆ ಒಂದೇ: "ಸರ್, ಮಾಳಿಗಿ ಮ್ಯಾಲ ಒಗದ ಹಲ್ಲು, ಸಗಣಿ ಎಲ್ಲಾ ತೊಟ್ಟಿಗೆ ಬಂದ್ರ?" ಅದಕ್ಕೂ ಉತ್ತರವಿದೆ. ಮೊದಲ ಮಳೆಯ ನೀರನ್ನು ತೊಟ್ಟಿಗೆ ಬಿಡುವುದಿಲ್ಲ. ಪೈಪಿನ ತುದಿಯಲ್ಲೊಂದು ಬಿರಡೆ ಇರುತ್ತದೆ. ಮುಂಗಾರಿನ ಮೊದಲೆರಡು ಸಲ ಅದನ್ನು ತೆಗೆದಿಟ್ಟರೆ ಧೂಳು, ಹಕ್ಕಿಯ ಹಿಕ್ಕೆ, ತರಗು ಎಲ್ಲವೂ ಕೊಚ್ಚಿಕೊಂಡು ಅಂಗಳದ ಕರಿಬೇವಿನ ಗಿಡದ ಬುಡಕ್ಕೆ ಹೋಗುತ್ತವೆ. ಯಾರದಾದರೂ ಹಾಲುಹಲ್ಲು ಇದ್ದರೆ ಅದೂ ಅಲ್ಲಿಗೇ.